ಕರಿಮರದ ಹಿಡಿ

ಕೆಲವರಿಗೆ ಎಲೆಯಡಿಕೆ ಜಗಿಯುವ ಚಟ, ಕೆಲವರಿಗೆ ಪಕ್ಕದ ಮನೆಯ ಸುದ್ದಿ ಕೇಳುವ ಚಟ. ನನ್ನದು ಉಜ್ಜುವ ಚಟ. ಮಂಕಾದ ವಸ್ತುವೊಂದು ಕಣ್ಣಿಗೆ ಬಿದ್ದರೆ ಸಾಕು, ಸೆರಗಿನ ತುದಿ ತಾನಾಗಿ ಕೈಗೆ ಬರುತ್ತದೆ. ಒಮ್ಮೆ ನೆಂಟರ ಮನೆಗೆ ಹೋಗಿದ್ದಾಗ ಮಾತಿನ ನಡುವೆ ಅವರ ಬಾಗಿಲಿನ ಹಿತ್ತಾಳೆ ಚಿಲಕವನ್ನು ಉಜ್ಜುತ್ತಾ ಕೂತು, ಹೊರಡುವ ಹೊತ್ತಿಗೆ ಅದನ್ನು ಥಳಥಳ ಮಾಡಿಟ್ಟು ಬಂದಿದ್ದೆ. ಉಪಕಾರವೆಂದುಕೊಂಡು ಮಾಡಿದ ಕೆಲಸ. ಆ ಮನೆಯಾಕೆ ಅದನ್ನು ತನ್ನ ಸಂಸಾರದ ಮೇಲಿನ ಟೀಕೆಯೆಂದು ತೆಗೆದುಕೊಂಡಳಂತೆ. ಆಮೇಲೆ ಅವರು ನಮ್ಮನ್ನು ಯಾವ ಅರಿಶಿನ ಕುಂಕುಮಕ್ಕೂ ಕರೆದಿಲ್ಲ.

ಇದು ಅಪ್ಪನಿಂದ ಬಂದ ಬಳುವಳಿ. ಅಪ್ಪ ರೈಲ್ವೆಯಲ್ಲಿ ಗೂಡ್ಸ್ ಗಾಡಿಯ ಗಾರ್ಡ್ ಆಗಿದ್ದರು. ಮೈಸೂರಿನ ಕಡೆಯವರಾದ ನಾವು ಮದ್ರಾಸಿನ ಪೆರಂಬೂರಿನ ಕ್ವಾರ್ಟರ್ಸಿನಲ್ಲಿ ಬೆಳೆದೆವು. ಡ್ಯೂಟಿಗೆ ಹೊರಡುವ ಮುಂಚೆ ಅಪ್ಪ ಬಿಳಿ ಕೋಟನ್ನು ತೊಡೆಯ ಮೇಲೆ ಹರಡಿಕೊಂಡು, ಅದರ ಹಿತ್ತಾಳೆ ಗುಂಡಿಗಳನ್ನು ಒಂದೊಂದಾಗಿ ಉಜ್ಜುತ್ತಿದ್ದರು. ಕಲ್ಲಿದ್ದಲು ತುಂಬಿದ ಗಾಡಿಯ ಕೊನೆಯ ಡಬ್ಬಿಯಲ್ಲಿ ಒಬ್ಬರೇ ಕೂತು ಹೋಗುವ ಮನುಷ್ಯನ ಗುಂಡಿಯನ್ನು ಯಾರು ನೋಡುತ್ತಾರೆ ಎಂದು ಅಮ್ಮ ಕೇಳುತ್ತಿದ್ದಳು. ಅಪ್ಪ ಮುಂದಿನ ಗುಂಡಿಗೆ ಹೋಗುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಕಲಿತೆ. ಕಲಿತದ್ದು ಸ್ವಲ್ಪ ಜಾಸ್ತಿಯೇ ಆಯಿತು. ಶಾಲೆಯಲ್ಲಿ ಓಟದ ಪಂದ್ಯಕ್ಕೆ ಕೊಟ್ಟ ಬೆಳ್ಳಿಯ ಕಪ್ಪನ್ನು ವಾರಗಟ್ಟಲೆ ಉಜ್ಜಿ, ಅದು ಬೆಳ್ಳಿಯಲ್ಲ, ಬರೀ ಲೇಪ ಎಂಬುದನ್ನು ಇಡೀ ಮನೆಗೆ ತೋರಿಸಿಕೊಟ್ಟವಳು ನಾನೇ. ಅದು ಮುಂದೆ ನನ್ನ ಮದುವೆಯಾಗುವ ತನಕ ತಾಮ್ರದ ಬಣ್ಣದಲ್ಲೇ ಶೆಲ್ಫಿನ ಮೇಲೆ ಕೂತಿತ್ತು.

ಇಷ್ಟೆಲ್ಲ ಯಾಕೆ ಹೇಳಿದೆನೆಂದರೆ, ನನ್ನಂಥವಳ ಕೈಗೆ ನಮ್ಮತ್ತೆಯ ಕತ್ತಿ ಬಂದರೆ ಏನಾಗಬಹುದೆಂದು ನೀವು ಊಹಿಸಿಕೊಳ್ಳಲಿ ಎಂದು.

ಆ ಕತ್ತಿ ನಮ್ಮ ಮಾವನವರದು. ಕುಂದಾಪುರದ ಕಡೆಯಿಂದ ಹುಡುಗನಾಗಿದ್ದಾಗಲೇ ಮದ್ರಾಸಿಗೆ ಬಂದು, ತಮ್ಮೂರಿನವರೇ ಒಬ್ಬರು ನಡೆಸುತ್ತಿದ್ದ ಹೋಟೆಲಿನಲ್ಲಿ ತರಕಾರಿ ಹೆಚ್ಚುವ ಕೆಲಸಕ್ಕೆ ಸೇರಿದವರು ಅವರು. ಆಮೇಲೆ ಅದೇ ಹೋಟೆಲಿನ ದೊಡ್ಡ ಅಡುಗೆಯವರಾದರು. ಆ ಕಾಲದ ಅಡುಗೆ ಭಟ್ಟರಿಗೆ ತಮ್ಮ ತಮ್ಮ ಕತ್ತಿ ಇರುತ್ತಿತ್ತಂತೆ. ಹೋಟೆಲು ಬಿಟ್ಟರೆ ಕತ್ತಿಯನ್ನು ಪಂಚೆಯಲ್ಲಿ ಸುತ್ತಿಕೊಂಡು ಹೋಗುವುದು, ಹೊಸ ಹೋಟೆಲಿಗೆ ಸೇರಿದರೆ ಅದೇ ಕತ್ತಿಯನ್ನು ಬಿಚ್ಚುವುದು. ಇನ್ನೊಬ್ಬರ ಕತ್ತಿ ಮುಟ್ಟುವುದೆಂದರೆ ಇನ್ನೊಬ್ಬರ ಹಲ್ಲುಜ್ಜುವ ಬ್ರಶ್ಶು ಬಳಸಿದ ಹಾಗೆ. ಮಾವನವರದು ಪ್ಯಾರಿಸ್ ಕಾರ್ನರ್ ಹತ್ತಿರದ ಗಲ್ಲಿಯೊಂದರಲ್ಲಿ ಕೊಂಡದ್ದು. ಅಗಲವಾದ ಅಲಗು, ಕಪ್ಪು ಹಿಡಿ, ಹಿಡಿಗೆ ಮೂರು ಹಿತ್ತಾಳೆ ರಿವೆಟ್ಟು. ಹಿಡಿ ಕರಿಮರದ್ದು ಎಂದು ಅವರು ಹೇಳುತ್ತಿದ್ದರು. ಅತ್ತೆಯೂ ಹಾಗೇ ಹೇಳುತ್ತಿದ್ದರು. ಮನೆಗೆ ಬಂದ ನೆಂಟರಿಗೆಲ್ಲ ತೋರಿಸಿ, ಇಂಥ ಕರಿಮರ ಈಗ ಎಲ್ಲಿಯೂ ಸಿಗುವುದಿಲ್ಲ ಎಂದು ಹೊಗಳಿಸಿಕೊಂಡದ್ದೂ ಉಂಟು.

ಮಾವ ಹೋದ ಮೇಲೆ ಕತ್ತಿ ಅತ್ತೆಯದಾಯಿತು. ವೆಸ್ಟ್ ಮಾಂಬಲಂನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಯ ಪಾಲು ಸ್ಪಷ್ಟವಾಗಿತ್ತು. ಒಲೆ ನನ್ನದು, ಹೆಚ್ಚುವುದು ಅವರದು. ನಾನು ಮೈಸೂರಿನ ಹುಳಿ ಮಾಡಲಿ, ಅವರ ಊರಿನ ಸಾಂಬಾರಾದ ಕೊದ್ದೆಲು ಮಾಡಲಿ, ಹೋಳು ಮಾತ್ರ ಅವರ ಕೈಯಿಂದಲೇ ಬರಬೇಕು. ನಾನು ಹೆಚ್ಚಿದ ಹೋಳನ್ನು ಅವರು ಬೆರಳಲ್ಲಿ ಎತ್ತಿ ನೋಡಿ ಏನೂ ಹೇಳದೆ ಕೆಳಗಿಡುತ್ತಿದ್ದರು. ಏನಾದರೂ ಹೇಳಿದ್ದರೆ ಒಳ್ಳೆಯದಿತ್ತು.

ಹೋದ ವರ್ಷ ಬಚ್ಚಲಲ್ಲಿ ಕಾಲು ಜಾರಿ ಅತ್ತೆಯ ಬಲ ಮಣಿಕಟ್ಟು ಮುರಿಯಿತು. ಬ್ಯಾಂಡೇಜು ಬಿಚ್ಚಿದ ಮೇಲೂ ಬೆರಳುಗಳು ಮಡಚಲು ಒಪ್ಪಲಿಲ್ಲ. ಕೀಲ್ಪಾಕ್‌ನಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿಯೊಬ್ಬಳ ಹತ್ತಿರ ಆಟೋದಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅವಳು ಒಂದು ಸ್ಪಂಜಿನ ಚೆಂಡು ಕೊಟ್ಟು ದಿನಾ ಹಿಸುಕುವಂತೆ ಹೇಳಿದಳು. ಅತ್ತೆ ಬೆಳಗಿನಿಂದ ಸಂಜೆಯ ತನಕ, ವಿಷ್ಣುಸಹಸ್ರನಾಮ ಹೇಳುವಾಗಲೂ ಬಿಡದೆ ಚೆಂಡು ಹಿಸುಕಿದರು. ಸ್ಪಂಜು ಹರಿದುಹೋಗಿ ಇನ್ನೊಂದು ತಂದೆವು.

ಆಗ ಬಂದದ್ದು ತಿಥಿಯ ಮಾತು. ಮಾವನ ಆ ವರ್ಷದ ತಿಥಿ ಹತ್ತಿರ ಬರುತ್ತಿತ್ತು. ನಾನು ಸಲೀಸಾಗಿ, ಈ ಸಲ ಹೆಚ್ಚುವುದನ್ನೂ ನಾನೇ ಮಾಡುತ್ತೇನೆ ಎಂದೆ. ಅತ್ತೆ ಚೆಂಡು ಹಿಸುಕುವುದನ್ನು ನಿಲ್ಲಿಸಿದರು.

"ಅದ್ ಆಪುದಲ್ಲ ಸುಮಾ. ಅವ್ರ್ ತಿಥಿಗೆ ಗೋರಿಕಾಯಿ ಕೊಯ್ಯುದ್ ನಾನೇ. ಆ ಕತ್ತಿ ತೆಗ್ದ್ ಕೊಡ್."

ಮನೆಯಲ್ಲಿ ಬೇರೆ ಕತ್ತಿಗಳಿರಲಿಲ್ಲವೆಂದಲ್ಲ. ನನ್ನ ಮಗಳು ಮೇಘಾ ಶೋಳಿಂಗನಲ್ಲೂರಿನ ಆಫೀಸಿನಿಂದ ಬರುವಾಗ ಬಣ್ಣಬಣ್ಣದ ಪ್ಲಾಸ್ಟಿಕ್ ಹಿಡಿಯ ಒಂದು ಸೆಟ್ಟನ್ನೇ ತಂದಿದ್ದಳು. ಅತ್ತೆ ಅವನ್ನು ಒಂದೊಂದಾಗಿ ಹಿಡಿದು ನೋಡಿದರು. ಪ್ಲಾಸ್ಟಿಕ್ಕು ಒದ್ದೆ ಕೈಯಲ್ಲಿ ಜಾರಿತು. ಸ್ಟೀಲಿನ ಹಿಡಿಯದು ಇನ್ನೂ ಜಾರಿತು, ಒಮ್ಮೆ ಕಾಲ ಹೆಬ್ಬೆರಳಿನ ಪಕ್ಕಕ್ಕೇ ಬಿತ್ತು. ಮುರಿದು ಕೂಡಿದ ಕೈಗೆ ಸ್ವಲ್ಪ ದಪ್ಪನೆಯ, ಹಿಡಿದರೆ ಬೆರಳಿಗೆ ಕಚ್ಚಿಕೊಳ್ಳುವ ಹಿಡಿ ಬೇಕಿತ್ತು. ಅಂಥದ್ದು ಆ ಹಳೆಯ ಕತ್ತಿ ಒಂದೇ.

ಅತ್ತೆಯ ಕೈ ಮುರಿದ ಮೇಲೆ ಸುತ್ತಿಟ್ಟಿದ್ದ ಅದನ್ನು ಅಟ್ಟದ ಮೇಲಿಂದ ಇಳಿಸಿ, ಪೇಪರು ಬಿಚ್ಚಿದೆ. ಮದ್ರಾಸಿನ ಹವೆಯಲ್ಲಿ ಬಳಸದ ವಸ್ತು ಎಂದರೆ ಬೂಷ್ಟಿಗೆ ಕೊಟ್ಟ ಆಹ್ವಾನ. ಹಿಡಿಯ ಮೇಲೆ ಹಸಿರು ಬೂದಿಯಂಥ ಪದರ. ಅದರ ಕೆಳಗೆ ವರ್ಷಾಂತರದ ಎಣ್ಣೆ, ಹಿಟ್ಟು, ಹಲಸಿನ ಸೊನೆ ಎಲ್ಲ ಸೇರಿ ಗಟ್ಟಿಯಾದ ಜಿಡ್ಡು. ರಿವೆಟ್ಟುಗಳ ಸುತ್ತ ಹಸಿರು ಕಿಲುಬು. ಒಂದು ಬದಿಯಲ್ಲಿ ಹುಳು ಕಡಿದ ಸಣ್ಣ ಸಣ್ಣ ಗುಳಿಗಳು. ಕರಿಮರವನ್ನೂ ತಿನ್ನುವ ಹುಳು ಉಂಟೇ ಎಂದು ಆಶ್ಚರ್ಯಪಟ್ಟೆನೇ ಹೊರತು ಮುಂದೆ ಯೋಚಿಸಲಿಲ್ಲ. ಮನಸ್ಸು ಆಗಲೇ ಉಜ್ಜುವ ಕಡೆ ಓಡಿತ್ತು. ನಮ್ಮವರು ಬ್ಯಾಂಕಿನಿಂದ ಬಂದು ಅದನ್ನು ನೋಡಿ, ಅಮ್ಮನಿಗೆ ಹೊಸದೊಂದು ಕೊಡಿಸಿದರಾಯಿತು, ಇದನ್ನು ಎಸೆ ಎಂದರು. ನಾನು ಕೇಳಿಸಿಕೊಳ್ಳಲಿಲ್ಲ. ತಿಥಿಯ ದಿನ ಈ ಕತ್ತಿ ಅತ್ತೆಯ ಕೈಯಲ್ಲಿ ಇರಬೇಕು, ಇರುತ್ತದೆ ಎಂದು ಅವತ್ತೇ ತೀರ್ಮಾನಿಸಿಬಿಟ್ಟೆ.

ಹಿಡಿ ತೊಳೆಯುವುದಕ್ಕೆ ತಾಳ್ಮೆ ಬೇಕು. ನೀರಲ್ಲಿ ನೆನೆಹಾಕಿದರೆ ಕೆಟ್ಟಿತು, ಹಿಡಿ ಉಬ್ಬಿ ರಿವೆಟ್ಟು ಸಡಿಲವಾಗುತ್ತದೆ. ಉಗುರು ಬೆಚ್ಚಗಿನ ಸೋಪು ನೀರಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸಿದೆ. ಒರೆಸಿದ ಕೂಡಲೇ ಒಣಬಟ್ಟೆಯಿಂದ ಇನ್ನೊಮ್ಮೆ. ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು. ಬ್ರಶ್ಶಿಗೂ ಬಗ್ಗದ ಕಡೆ ಅತ್ತೆ ಹೇಳಿಕೊಟ್ಟ ಉಪಾಯ, ಹಿಡಿಸೂಡಿಯ ಕಡ್ಡಿ. ತೆಂಗಿನ ಕಡ್ಡಿಯ ತುದಿಯನ್ನು ಚೂಪು ಮಾಡಿ ಮೆಲ್ಲಗೆ ಕೆದಕಿದರೆ ಜಿಡ್ಡು ಹಕ್ಕಳೆಯಾಗಿ ಬರುತ್ತದೆ, ಹಿಡಿಗೆ ಗೀರು ಬೀಳುವುದಿಲ್ಲ. ಹಿತ್ತಾಳೆಗೆ ಹುಣಸೆಹಣ್ಣು, ಅದೂ ರಿವೆಟ್ಟಿನ ತಲೆಗಷ್ಟೇ, ಬೆರಳ ತುದಿಯಲ್ಲಿ. ದಿನಕ್ಕೊಂದಿಷ್ಟರಂತೆ ಜಿಡ್ಡು ಬಿಟ್ಟಿತು. ಅತ್ತೆ ಪಕ್ಕದಲ್ಲಿ ಕೂತು ಚೆಂಡು ಹಿಸುಕುತ್ತಾ, ಮಾವ ಒಂದೇ ಬೆಳಿಗ್ಗೆ ಎಷ್ಟು ಬೂದುಗುಂಬಳ ಹೆಚ್ಚಿ ರಾಶಿ ಹಾಕುತ್ತಿದ್ದರೆಂದು ಹೇಳುತ್ತಿದ್ದರು. ಆ ರಾಶಿ ಪ್ರತಿದಿನದ ಹೇಳಿಕೆಯಲ್ಲೂ ಸ್ವಲ್ಪ ಎತ್ತರವಾಗುತ್ತಿತ್ತು.

ಇನ್ನುಳಿದದ್ದು ಹುಳು ಕಡಿದ ಗುಳಿ. ಅದಕ್ಕೆ ಉಪ್ಪು ಕಾಗದ, ಅಂದರೆ ಸ್ಯಾಂಡ್‌ಪೇಪರು ಬೇಕು. ಸ್ಟೇಶನ್ ಹತ್ತಿರದ ಅಂಗಡಿಗೆ ಹೋಗಿ ತಮಿಳಿನಲ್ಲಿ ಉಪ್ಪುತ್ತಾಳು ಕೊಡಿ ಎಂದರೆ, ಅಂಗಡಿಯಾತ ಬಾಗಿಲಿಗೋ ಗೋಡೆಗೋ ಎಂದು ಕೇಳಿದ. ಕತ್ತಿಯ ಹಿಡಿಗೆ ಎಂದಾಗ ಅವನು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಎಲ್ಲಕ್ಕಿಂತ ನಯವಾದದ್ದನ್ನು ಸುರುಳಿ ಸುತ್ತಿ ಕೊಟ್ಟ. ಬಾಲ್ಕನಿಯಲ್ಲಿ ಕೂತು, ಅಲಗಿಗೆ ಹಳೆಯ ಟವೆಲು ಸುತ್ತಿ, ನಾನು ಉಜ್ಜಲು ಶುರು ಮಾಡಿದೆ. ಎಲ್ಲೋ ಓದಿದ ಪ್ರಕಾರ ಕಾಗದವನ್ನು ಒದ್ದೆ ಮಾಡಿಕೊಳ್ಳಬೇಕಿತ್ತು. ಹುರುಪಿನಲ್ಲಿ ಅದನ್ನೆಲ್ಲ ಮರೆತು ಒಣ ಕಾಗದದಲ್ಲೇ ರಭಸವಾಗಿ ಉಜ್ಜಿದೆ. ಹಿಡಿ ಬೆಚ್ಚಗಾಯಿತು. ಪುಡಿ ಬಿತ್ತು. ಕರಿಮರದ ಪುಡಿ ಕಪ್ಪಗಿರಬೇಕಲ್ಲವೇ, ಇದು ಬೂದು ಬಿಳುಪಾಗಿತ್ತು. ಜೊತೆಗೆ ಒಂದು ವಾಸನೆ ಬಂತು.

ನನಗೆ ಆ ವಾಸನೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಪ್ಪ ರೈಲಿನಲ್ಲಿ ಮಾರುವವನ ಹತ್ತಿರ ನನಗೊಂದು ಬಾಚಣಿಗೆ ಕೊಂಡು ತಂದಿದ್ದರು, ಅರೆಪಾರದರ್ಶಕ, ಅಲ್ಲಲ್ಲಿ ಕಪ್ಪು ಮಿಶ್ರವಾದದ್ದು. ಬಿಸಿಲಲ್ಲಿಟ್ಟದ್ದರಿಂದ ಅದು ಸೊಟ್ಟಗಾಯಿತು. ಸರಿ ಮಾಡುತ್ತೇನೆಂದು ನಾನು ಸೀಮೆಎಣ್ಣೆ ಸ್ಟವ್ವಿನ ಮೇಲೆ ಹಿಡಿದೆ. ಮನೆಯೆಲ್ಲ ಕೂದಲು ಸುಟ್ಟ ವಾಸನೆ. ಅಮ್ಮ ಹೌಹಾರಿ ಓಡಿಬಂದು ಮೊದಲು ನನ್ನ ಜಡೆಯನ್ನು ಮುಟ್ಟಿ ನೋಡಿದಳು. ಜಡೆ ಇದೆ ಎಂದು ಖಾತ್ರಿಯಾದ ಮೇಲೆ ಹೊಡೆದಳು. ಅವತ್ತು ರಾತ್ರಿ ಅಪ್ಪ ವಿವರಿಸಿದ್ದರು, ಅದು ಕೊಂಬಿನ ಬಾಚಣಿಗೆ, ಕೊಂಬೂ ಕೂದಲೂ ಒಂದೇ ಜಾತಿ ಎಂದು.

ಬಾಲ್ಕನಿಯಲ್ಲಿ ನನ್ನ ಕೈ ನಿಂತುಹೋಯಿತು. ಅನುಮಾನ ಉಳಿಯದಿರಲಿ ಎಂದು ಒಳಗೆ ಹೋಗಿ ಸೂಜಿ ಕಾಯಿಸಿ, ಹಿಡಿಯ ಬುಡದಲ್ಲಿ ಕಾಣದ ಕಡೆ ಮುಟ್ಟಿಸಿದೆ. ಅದೇ ವಾಸನೆ. ಎಲ್ಲಿಯ ಕರಿಮರ! ಕೋಣದ್ದೋ ಎಮ್ಮೆಯದ್ದೋ ಕೊಂಬು. ಈರುಳ್ಳಿ ಹಾಕಿದ ಪಾತ್ರೆಯನ್ನೂ ಬೇರೆಯಿಡುವ ನಮ್ಮತ್ತೆ, ಏಕಾದಶಿಯ ಹಿಂದು ಮುಂದು ನೋಡಿ ನೀರು ಕುಡಿಯುವ ನಮ್ಮತ್ತೆ, ಇಷ್ಟು ವರ್ಷ ಮಡಿಯಲ್ಲಿ ಹಿಡಿದದ್ದು ಕೊಂಬನ್ನು.

ನನಗೆ ನಿಜವಾಗಿ ಹೆದರಿಕೆಯಾಯಿತು. ಹೇಳಿದರೆ ಅವರು ಆ ಕತ್ತಿಯನ್ನು ಮತ್ತೆ ಮುಟ್ಟಲಿಕ್ಕಿಲ್ಲ. ಮುಟ್ಟದಿದ್ದರೆ ಅವರ ಕೈ ಹಿಡಿಯಬಲ್ಲ ಕತ್ತಿ ಬೇರೆಯಿಲ್ಲ. ಗಂಡನ ತಿಥಿಗೆ ಹೋಳು ಕೊಯ್ಯಬೇಕೆಂಬ ಒಂದೇ ಆಸೆಗೆ ಅವರು ಅಷ್ಟು ದಿನ ನೋವು ನುಂಗಿ ಚೆಂಡು ಹಿಸುಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ನಮ್ಮವರು ವಿಷಯ ಕೇಳಿದವರೇ ಬಾಗಿಲು ಮುಂದೆ ಮಾಡಿ, ಸುಮ್ಮನಿರು, ಅದು ಕರಿಮರವೇ ಎಂದರು. ಮೇಘಾಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ತಮಿಳು. "ಪಾಟ್ಟಿಕಿಟ್ಟ ಸೊಲ್ಲಾದೇಮ್ಮಾ" ಎಂದಳು. ಅಜ್ಜಿಗೆ ಹೇಳಬೇಡ ಎನ್ನುವುದರಲ್ಲಿ ಅಪ್ಪ ಮಗಳು ಒಂದೇ ಪಕ್ಷ.

ಒಂದು ದಿನ ನಾನೂ ಬಾಯಿ ಬಿಗಿಹಿಡಿದು ನೋಡಿದೆ. ಆಗಲಿಲ್ಲ. ನೇಮ ಅವರದು, ಪಾಲಿಸುವವರು ಅವರು. ಅವರಿಗೆ ಗೊತ್ತಿಲ್ಲದ ಹಾಗೆ ಅವರ ಮಡಿಯನ್ನು ಇಟ್ಟುಕೊಳ್ಳುವುದೋ ಬಿಡುವುದೋ ಎಂದು ತೀರ್ಮಾನಿಸಲು ನಾನು ಯಾರು? ಹೇಳುವುದೇ ಸರಿ ಎಂದು ಗಟ್ಟಿ ಮಾಡಿಕೊಂಡೆ. ಹೇಳಿದ ಮೇಲೆ ವಾದಿಸಲು ಕೆಲವು ಮಾತುಗಳನ್ನೂ ಜೋಡಿಸಿಕೊಂಡೆ. ದೇವರ ಮುಂದಿನ ಶಂಖ ಒಂದು ಪ್ರಾಣಿಯ ಮನೆ, ಮಡಿಯ ಪಟ್ಟೆಸೀರೆ ಹುಳುವಿನ ನೂಲು, ಭಜನೆಯ ಮೃದಂಗಕ್ಕೆ ಚರ್ಮ, ಹೀಗೆ. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಮಾತು ಮರೆತು ವೇದಿಕೆಯಿಂದ ಇಳಿದುಬಂದವಳು ನಾನು. ಈ ಸಲ ಮರೆಯಬಾರದೆಂದು ಬಚ್ಚಲಲ್ಲಿ ಎರಡೆರಡು ಸಲ ಹೇಳಿಕೊಂಡೆ.

ಅವರು ಹಾಲಿನಲ್ಲಿ ಕೂತು ಚೆಂಡು ಹಿಸುಕುತ್ತಿದ್ದಾಗ ಹೇಳಿಬಿಟ್ಟೆ. ಅತ್ತೆ ಕತ್ತಿಯನ್ನು ತೆಗೆದುಕೊಂಡು ಹಿಡಿಯನ್ನು ಮೂಗಿನ ಹತ್ತಿರ ತಂದರು. ಬೆರಳಿಂದ ಸವರಿದರು. ಯಾವುದರ ಕೊಂಬು ಎಂದು ಕೇಳಿದರು. ಕೋಣದ್ದಿರಬಹುದು ಎಂದೆ. ಕತ್ತಿಯನ್ನು ನೆಲದ ಮೇಲಿಟ್ಟು, ಕೈ ತೊಳೆದುಕೊಂಡು, ದೇವರ ಕೋಣೆಗೆ ಹೋಗಿ ಕೂತರು. ಆ ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ನನ್ನ ಶಂಖ, ಪಟ್ಟೆಸೀರೆ, ಮೃದಂಗ ಯಾವುದೂ ಬಾಯಿಗೆ ಬರಲಿಲ್ಲ. ಸೋಫಾದ ಮೇಲೆ ಬಿಟ್ಟುಹೋಗಿದ್ದ ಚೆಂಡನ್ನು ನೋಡುವುದಕ್ಕೂ ನನಗೆ ಸಂಕಟವಾಯಿತು. ಎಂಥ ಕೆಲಸ ಮಾಡಿದೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕಾಫಿಯ ಹೊತ್ತಿಗೆ ಅತ್ತೆ ಕೇಳಿದರು, ಹಿಡಿಗೆ ಹೊಳಪು ಕೊಟ್ಟು ಆಯಿತಾ ಎಂದು. ಇನ್ನೂ ಇಲ್ಲ ಎಂದೆ.

"ಮುಗ್ಸ್ ಅದನ್ನ. ತಿಥಿಗೆ ಅದೇ ಕತ್ತಿ" ಎಂದರು ಅತ್ತೆ. "ಅವ್ರ್ ಜೀವ ಇಪ್ಪಲ್ಲಿವರೆಗೆ ಅದನ್ನ್ ಹಿಡ್ದೇ ನಮ್ಮನ್ನೆಲ್ಲ ಸಾಕಿದ್. ಅವ್ರ್ ಕೈಗ್ ಇಲ್ದಿದ್ದ ಮೈಲಿಗೆ ಅವ್ರ್ ಎಲೆಗ್ ಎಲ್ಲಿಂದ ಬತ್ತ್? ಆರೆ ಭಟ್ರಿಗ್ ಹೇಳ್ಕ್. ಮುಚ್ಚಿಟ್ಟ್ ಉಣ್ಸುಕಾಗ."

ಭಟ್ಟರಿಗೆ ಹೇಳಲೇಬೇಕು, ಮುಚ್ಚಿಟ್ಟು ಉಣಿಸಬಾರದು ಎಂಬ ಈ ಕೊನೆಯ ಮಾತಿಗೆ ನಮ್ಮವರು ಕಾಫಿ ಲೋಟ ಕೆಳಗಿಟ್ಟರು. ಭಟ್ಟರು ತಿಥಿಯ ದಿನ ಎದ್ದು ಹೋದರೆ ಏನು ಗತಿ? ಈ ಊರಿನಲ್ಲಿ ನಮ್ಮ ಕ್ರಮದ ತಿಥಿ ಮಾಡಿಸುವವರು ಸಿಗುವುದೇ ಕಷ್ಟ, ಹೋದವರ ಹೆಸರಲ್ಲಿ ಉಣ್ಣಲು ಎಲೆಗೆ ಕೂರುವವರು ಇನ್ನೂ ಕಷ್ಟ. ಮಂತ್ರ ಹೇಳುವ ಭಟ್ಟರೇ ಒಂದು ಎಲೆಗೂ ಕೂತು ಸುಧಾರಿಸುತ್ತಾರೆ. ತಿಂಗಳ ಮುಂಚೆ ಹೇಳಿಟ್ಟು ಗೊತ್ತು ಮಾಡಿದ್ದು. ಮುಂಚಿತವಾಗಿ ಫೋನಿನಲ್ಲೇ ಹೇಳಿಬಿಡೋಣವೆಂದು ನಮ್ಮವರು ಅಂದರು. ಅತ್ತೆ ಜಗ್ಗಲಿಲ್ಲ. ಇಂಥದ್ದನ್ನು ಮುಖ ನೋಡಿ ಹೇಳಬೇಕು ಎಂದರು.

ನಾನು ಮತ್ತೆ ಉಜ್ಜಲು ಕೂತೆ. ಈಗ ಕಾಗದವನ್ನು ಒದ್ದೆ ಮಾಡಿಕೊಂಡು, ಒಂದೇ ದಿಕ್ಕಿನಲ್ಲಿ, ಹಿಡಿ ಬಿಸಿಯಾಗದಂತೆ. ಗುಳಿಗಳು ನಿಧಾನವಾಗಿ ಮಾಯವಾದವು. ಆಮೇಲೆ ಬಿಳಿ ಹಲ್ಲುಪುಡಿಯನ್ನು ಒದ್ದೆ ಬಟ್ಟೆಗೆ ಹಚ್ಚಿ ತಿಕ್ಕಿದೆ. ಕೊನೆಗೆ ಬೆರಳಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ, ಅದನ್ನು ಮಾವನ ಹಳೆಯ ಪಂಚೆಯ ತುಂಡಿನಿಂದ ಪೂರ್ತಿ ಒರೆಸಿ ತೆಗೆದೆ. ಕಪ್ಪಿನೊಳಗಿಂದ ಜೇನಿನ ಬಣ್ಣದ ಎಳೆಗಳು ಮೇಲೆದ್ದು ಬಂದವು. ಇಷ್ಟು ವರ್ಷ ಜಿಡ್ಡಿನ ಕೆಳಗೆ ಇದೆಲ್ಲ ಇತ್ತೇ ಎಂದು ಬಾಲ್ಕನಿಯಲ್ಲಿ ಒಬ್ಬಳೇ ಕೂತು ನೋಡಿದೆ. ಅತ್ತೆ ಅದನ್ನು ಹಿಡಿದರು. ಬೆರಳುಗಳು ಮಡಚಿಕೊಂಡವು, ಕತ್ತಿ ಜಾರಲಿಲ್ಲ. ನನಗೆ ಕುಣಿಯಬೇಕೆನ್ನಿಸಿತು, ಮಂಡಿಯ ಕಾರಣ ಕುಣಿಯಲಿಲ್ಲ.

ತಿಥಿಯ ದಿನ ಅತ್ತೆ ಬೆಳಗಿನ ಸ್ನಾನ ಮುಗಿಸಿ, ಅಡುಗೆಮನೆಯ ನೆಲದ ಮೇಲೆ ಮಣೆ ಹಾಕಿಕೊಂಡು ಗೋರಿಕಾಯಿಯ ಮುಂದೆ ಕೂತರು. ಅದು ಸಣ್ಣ ಕಾಯಿ. ಒಂದೊಂದನ್ನೂ ನಾರು ತೆಗೆದು, ಸಾಲಾಗಿ ಜೋಡಿಸಿ, ಒಂದೇ ಅಳತೆಗೆ ಕೊಯ್ಯಬೇಕು. ಮೊದಲೆಲ್ಲ ಅವರ ಕತ್ತಿಯ ಸದ್ದು ಗಡಿಯಾರದಂತೆ ಕೇಳುತ್ತಿತ್ತು. ಈಗ ಒಮ್ಮೆ ಕೊಯ್ದರೆ ನಿಲ್ಲಬೇಕು, ಬೆರಳು ಬಿಡಿಸಿ ಮತ್ತೆ ಹಿಡಿಯಬೇಕು. ಉಳಿದ ಅಡುಗೆಯೆಲ್ಲ ಆಗಿ, ಪಲ್ಯದ ಬಾಣಲೆ ಮಾತ್ರ ಖಾಲಿ ಕೂತಿತ್ತು. ಭಟ್ಟರು ಇನ್ನೊಂದು ಎಲೆಗೆ ಹಿರಿಯರೊಬ್ಬರನ್ನು ಕರೆದುಕೊಂಡು ಬಂದಾಗ ಅರ್ಧ ಗೋರಿಕಾಯಿ ಇನ್ನೂ ಹಾಗೇ ಇತ್ತು. ಭಟ್ಟರು ಚಿಕ್ಕ ವಯಸ್ಸಿನವರು, ಸ್ಕೂಟರಿನಲ್ಲಿ ಬರುವವರು. ಅಪ್ಪನಿಂದ ವೃತ್ತಿ ವಹಿಸಿಕೊಂಡು ಹೆಚ್ಚು ವರ್ಷವಾಗಿಲ್ಲ. ಅಡುಗೆ ಎಲ್ಲಿಗೆ ಬಂತೆಂದು ನೋಡಲು ಅಡುಗೆಮನೆಯ ಹೊಸ್ತಿಲಿಗೆ ಬಂದರು.

ಅತ್ತೆ ಕತ್ತಿಯನ್ನು ಅವರಿಗೆ ಕಾಣುವ ಹಾಗೆ ಎತ್ತಿ ಹಿಡಿದರು.

"ಭಟ್ರೇ, ಕಾಣಿ. ಈ ಹಿಡಿ ಕರಿಮರ ಅಂದ್ಕಂಡಿದ್ದಿತ್. ಅಲ್ಲ, ಕೋಣನ ಕೊಂಬಂಬ್ರ್. ಇದ್ರಗೇ ಕೊಯ್ತಿದ್ದೆ. ನಿಮ್ಗ್ ಆಪುದಾರೆ ಉಣಿ."

ಭಟ್ಟರ ಮುಖ ಬಣ್ಣಗೆಟ್ಟಿತು. ನಮ್ಮವರು ಗೋಡೆಗೆ ಒರಗಿಕೊಂಡರು. ಒಂದು ನಿಮಿಷ ಇರಿ, ಅಪ್ಪನನ್ನು ಒಂದು ಮಾತು ಕೇಳಿಬಿಡುತ್ತೇನೆ ಎಂದು ಭಟ್ಟರು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದರು. ಮಾತಾಡಿದ್ದು ಬಹಳ ಹೊತ್ತು. ಗಾಜಿನ ಬಾಗಿಲಿನಾಚೆ ಅವರು ತಲೆಯಾಡಿಸುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅತ್ತೆ ಆ ಕಡೆ ನೋಡಲೂ ಇಲ್ಲ. ಕತ್ತಿಯನ್ನು ಇಳಿಸಿ ಮುಂದಿನ ಸಾಲು ಜೋಡಿಸಿಕೊಂಡರು. ಕೊಯ್ದರು, ಬೆರಳು ಬಿಡಿಸಿದರು, ಮತ್ತೆ ಹಿಡಿದರು.

ಭಟ್ಟರು ಒಳಗೆ ಬಂದು, "ಅಮ್ಮಾ, ಅಪ್ಪ ಹೇಳಿದ್ರು..." ಎಂದು ಶುರು ಮಾಡಿದರು.

"ಹ್ಞಾಂ, ಹೇಳುರಂತೆ. ಇದೊಂದ್ ಮುಗೀಲಿ" ಎಂದರು ಅತ್ತೆ, ತಲೆಯೆತ್ತದೆ.

ಭಟ್ಟರು ನಿಂತೇ ಇದ್ದರು. ಅವರ ಕಣ್ಣು ಅತ್ತೆಯ ಕೈಯ ಮೇಲಿತ್ತು. ಮಣಿಕಟ್ಟು ಇನ್ನೂ ಊದಿಕೊಂಡಿತ್ತು. ಹಣೆಯ ಬೆವರು ಇಳಿದು ಮೂಗಿನ ತುದಿಗೆ ಬಂದಿತ್ತು, ಒರೆಸಿಕೊಂಡರೆ ಲಯ ತಪ್ಪುತ್ತದೆಂದು ಅತ್ತೆ ಒರೆಸಿಕೊಳ್ಳುತ್ತಿರಲಿಲ್ಲ. ನಾನು ಬಗ್ಗಿ ಸಹಾಯಕ್ಕೆ ಕೈ ಚಾಚಿದೆ, ಅವರು ಮಣೆಯನ್ನು ಆಚೆ ತಿರುಗಿಸಿಕೊಂಡರು. ಭಟ್ಟರು ಫೋನನ್ನು ಆರಿಸಿ ಟಿವಿಯ ಪಕ್ಕದಲ್ಲಿಟ್ಟರು. ಮಡಿ ಪಂಚೆ ಎಲ್ಲಿದೆ ಎಂದು ನಮ್ಮವರನ್ನು ಕೇಳಿದರು.

ಅವರ ಅಪ್ಪ ಏನು ಹೇಳಿದ್ದರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ನಾವು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಎಲೆ ಹಾಕುವಾಗ ಮಧ್ಯಾಹ್ನ ಬಹಳ ಇಳಿದಿತ್ತು. ಬಡಿಸಿದವಳು ನಾನು. ಅತ್ತೆ ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದರು, ಕೊಯ್ದ ಕೈಯನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು. ಗೋರಿಕಾಯಿ ಪಲ್ಯ ಬಡಿಸಿ ಅಲ್ಲೇ ನಿಂತೆ. ಭಟ್ಟರು ತಲೆ ತಗ್ಗಿಸಿ ಉಂಡರು. ಎಲೆಯ ಮೇಲೆ ಪಲ್ಯ ಉಳಿಯಲಿಲ್ಲ.

ಊಟದ ಕೊನೆಗೆ ತಿಥಿ ಮಾಡುವವನು ಎಲೆಗೆ ಕೂತವರನ್ನು ಒಂದು ಪ್ರಶ್ನೆ ಕೇಳುವ ಕ್ರಮ ಉಂಟು, ತೃಪ್ತರಾದಿರಾ ಎಂದು. ಅವರು ತೃಪ್ತರಾದೆವು ಎನ್ನಬೇಕು. ಉಂಡವರ ಬಾಯಲ್ಲಿ ಹೇಳುವವರು ಹೋದ ಹಿರಿಯರೇ ಎಂದು ಅತ್ತೆಯ ನಂಬಿಕೆ. ಪ್ರತಿವರ್ಷ ನಮ್ಮವರು ಅದನ್ನು ಮಂತ್ರದ ಜೊತೆ ಗಡಿಬಿಡಿಯಲ್ಲಿ ಹೇಳಿ ಮುಗಿಸುತ್ತಿದ್ದರು, ಉತ್ತರವೂ ಹಾಗೇ ಬರುತ್ತಿತ್ತು. ಈ ಸಲ ಒಂದೊಂದೇ ಅಕ್ಷರ ಬಿಡಿಸಿ ಕೇಳಿದರು.

ಭಟ್ಟರು ಎಲೆಯಿಂದ ಮುಖವೆತ್ತಿದರು. ಕೇಳಿದ ಮಗನ ಕಡೆ ನೋಡದೆ, ಬಾಗಿಲ ಮರೆಯ ಕಡೆ ನೋಡಿ, ಅಲ್ಲಿಗೆ ಕೇಳುವಷ್ಟು ಗಟ್ಟಿಯಾಗಿ, ತೃಪ್ತರಾದೆವು ಎಂದರು.